ಹುಲ್ಲುಗಾವಲಿನ ಚಾರ್ಟ್ ಬರದವರು ಯಾರು

ನಾನು ಹುಟ್ಟಾ ಸಂಶಯದಾಕಿ. ಸಣ್ಣಾಕಿದ್ದಾಗ ಹಾಲು ಕೊಟ್ರ ಮೊದಲ ಬೊಟ್ಟು ಎದ್ದಿ ನೆಕ್ಕಿ, ಸಕ್ಕರಿ ಬಿದ್ದೈತೋ ಇಲ್ಲೋ ಖಾತ್ರಿ ಮಾಡ್ಕೊಂಡ ಮ್ಯಾಲ ಕುಡೀತಿದ್ನಂತ. ಇದನ್ನ ನಮ್ಮವ್ವ ಬಂದ ಬೀಗರ ಮುಂದೆಲ್ಲಾ ಹೇಳ್ತಿದ್ಲು. ಹೈಸ್ಕೂಲಿನಾಗ ವಿಜ್ಞಾನ ಕಲಿಸಾಕ ಹತ್ತಿದ ಮ್ಯಾಲ ಈ ಗುಣ ಕಡಿಮಿ ಆಗೂದು ಒತ್ತಟ್ಟಿಗಿರ್ಲಿ, ಅದಕ್ಕ ಪಗಾರ ಸಿಗಾಕ ಹತ್ತಿತು. ಯಾರ ನೋಟ್‌ಬುಕ್ ಯಾರು ನೋಡಿ ಬರದಾರ ಅಂತ ವಾಸನಿ ಹಿಡದ ಹೇಳ್ತಿದ್ದೆ. ಹುಡುಗರು ನನ್ನ ಬೆನ್ನ ಹಿಂದ ಪೊಲೀಸ್ ಟೀಚರ್ ಅಂತಾರ ಅನ್ನೂದು ನನಗ ಗೊತ್ತಿತ್ತು. ಸಿಟ್ಟೇನೂ ಇದ್ದಿಲ್ಲ, ಖರೆ ಹೇಳಬೇಕಂದ್ರ ಒಳಗ ಖುಷೀನ ಆಗ್ತಿತ್ತು.

ಆದ್ರ ಆ ವರ್ಷ ನನ್ನ ಸಂಶಯಕ್ಕ ಬ್ಯಾರೆ ಕಾರಣಾನೂ ಇತ್ತು. ಹಿಂದಿನ ವರ್ಷ ಅಥಣಿಯೊಳಗ ನಡೆದ ತಾಲೂಕು ಮಟ್ಟದ ಪ್ರದರ್ಶನಕ್ಕ ನಮ್ಮ ಸಾಲಿ ಹುಡುಗರು ಒಂದು ಜ್ವಾಲಾಮುಖಿ ಮಾಡೆಲ್ ಒಯ್ದಿದ್ರು. ಏನ್ ಚಂದ ಇತ್ತಂತೀರಿ! ಹೊಗಿ ಬಿಡ್ತಿತ್ತು, ಕೆಂಪ ನೀರು ಉಗುಳ್ತಿತ್ತು. ನಾ ಎದಿ ಉಬ್ಬಿಸಿ ಬಾಜೂಕ ನಿಂತಿದ್ದೆ. ನಿರ್ಣಾಯಕರೊಬ್ರು ಬಂದು ಅದನ್ನ ಮೆಲ್ಲಕ ಎತ್ತಿ ತಿರುವಿ ನೋಡಿದ್ರು. ಬುಡಕ್ಕ ಸಾಂಗಲಿ ಅಂಗಡಿ ಸ್ಟಿಕರ್! "ಮೇಡಂ, ಬಿಲ್ಲೂ ತಂದೀರೇನು?" ಅಂದ್ರು. ಇಡೀ ಹಾಲ್ ಹೋ ಅಂತ ನಕ್ಕಿತು. ನೆಲ ಬಿರದ ನನ್ನ ನುಂಗಬಾರದ ಅನಿಸಿತು. ಹಾಲಿನಿಂದ ಬಾಯಿ ಸುಟ್ಕೊಂಡಾಕಿ ಮಜ್ಜಿಗಿ ಊದಿ ಕುಡೀದ ಇನ್ನೇನ ಮಾಡ್ಯಾಳು?

ಅದಕ್ಕ ಈ ಸರ್ತಿ ಒಂಬತ್ತನೇತ್ತಾ ಹುಡುಗರಿಗೆ ಜಗತ್ತಿನ ಜೀವವಲಯಗಳ ಪ್ರಾಜೆಕ್ಟ್ ಕೊಟ್ಟಾಗ ಮೊದಲ ಕಾಯಿದೆ ಹಾಕಿದೆ. ಟಂಡ್ರಾ, ಟೈಗಾ, ಮರುಭೂಮಿ, ಮಳಿಕಾಡು, ಎಲಿ ಉದುರೂ ಕಾಡು, ಹುಲ್ಲುಗಾವಲು, ಹಿಂಗ ಆರು. ನಾಕ್ನಾಕು ಮಂದಿದು ಆರು ಗುಂಪು. ತಾವ ಹುಡುಕಬೇಕು, ತಾವ ಬರೀಬೇಕು, ವರ್ಗದ ಮುಂದ ನಿಂತು ತಾವ ಹೇಳಬೇಕು. ಎಲ್ಲಾರಕಿಂತ ಚಲೋ ಹೇಳಿದ ಒಂದ ಗುಂಪು ಅಥಣಿಗೆ ಹೋಗೂದು. "ಪ್ರಿಂಟ್ ನಡಿಯಂಗಿಲ್ಲ, ಅಂಗಡಿ ಸಾಮಾನ ನಡಿಯಂಗಿಲ್ಲ. ಅಪ್ಪ, ಅವ್ವ, ಅಣ್ಣ, ಕಾಕಾ, ಯಾರದರೆ ಕೈ ಅದರಾಗ ಕಂಡ್ರ ಇಡೀ ಗುಂಪಿಗೆ ಸೊನ್ನಿ. ತಿಳಿತೇನು?" ಅಂದೆ. "ತಿಳಿತ್ರಿ ಟೀಚರ್" ಅಂತ ಎಲ್ಲಾರೂ ಒಂದ ದನಿಲೆ ಅಂದ್ರು. ಒಂದ ದನಿಲೆ ಅಂದ್ರಲ್ಲ, ಅಲ್ಲೇ ನನಗ ಡೌಟ್ ಬಂತು.

ಚೀಟಿ ಎತ್ತಿಸಿದೆ. ಹುಲ್ಲುಗಾವಲು ಬಂದದ್ದು ಕುರಿ ಕಾಯವರ ಮನಿ ಹುಡುಗಿ ಗುಂಪಿಗೆ. ಕುರಿಯವರ ಹುಡುಗಿಗೆ ಹುಲ್ಲಿನ ಚೀಟಿನ ಬರಬೇಕಂದ್ರ? ಡಬ್ಬಿ ಒಳಗಿನ ಚೀಟಿ ಎಲ್ಲಾ ಮತ್ತ ಬಿಚ್ಚಿ ಎಣಿಸಿದೆ. ಸರಿ ಇದ್ವು. ಈ ಹುಡುಗಿ ಅವ್ವ ಅಪ್ಪ ಇಬ್ರೂ ಕುರಿ ಹಿಂದ ಇರಾವ್ರು. ನಮ್ಮೂರು ತೆಲಸಂಗದ ಆಚೆ, ಮಳಿ ನೆಚ್ಚಿ ಬದುಕೂ ಊರು. ಮಳಿಗಾಲದಾಗ ಕುರಿ ನಮ್ಮ ಗುಡ್ಡದಾಗ ಮೇಯ್ತಾವು, ದೀವಳಿಗಿ ದಾಟಿದ್ರ ಕೃಷ್ಣಾ ದಂಡಿ ಕಡೆ ಇಳೀತಾವು. ಕುಡಚಿ, ರಾಯಬಾಗ, ಕಾಗವಾಡ, ಕೆಲವೊಮ್ಮೆ ಗಡಿ ದಾಟಿ ಮೀರಜ ತನಕ. ರೈತರ ಹೊಲದಾಗ ಗೊಬ್ಬರಕ್ಕಂತ ಕುರಿ ಕೂಡಿಸ್ಕೋತ ಹೋಗೂದು. ಹುಡುಗಿ ಸಾಲಿ ತಪ್ಪಬಾರದಂತ ಚಿಗವ್ವನ ಮನ್ಯಾಗ ಬಿಟ್ಟಿದ್ರು. ಮಾತು ಕಡಿಮಿ, ಹಿಂದಿನ ಬೆಂಚು.

ಆಕಿ ಅವತ್ತ ವರ್ಗ ಮುಗಿದ ಮ್ಯಾಲ ನನ್ನ ಹಿಂದಿಂದ ಬಂದು, "ಟೀಚರ್, ಇದು ಅಥಣ್ಯಾಗ ಆಗೂದು ಯಾವಾಗ್ರಿ?" ಅಂದ್ಲು.

"ಯಾಕ, ಈಗ ಗೆದ್ದೇ ಬಿಟ್ಟೇನು?"

"ಅಲ್ರಿ. ಈಗ ನಮ್ಮ ಕುರಿ ಕಾಗವಾಡದ ಕಡೆ ಅದಾವ್ರಿ. ಅಥಣಿಗಾದ್ರ ಅಪ್ಪಗ ಬರಾಕ ಆಗ್ತೈತ್ರಿ. ನಾ ಮಾತಾಡೂದ ಅವ್ರು ಒಮ್ಮೆನೂ ಕೇಳಿಲ್ರಿ."

"ನೋಡೂನು, ಮೊದಲ ಮಾಡು" ಅಂದು ಕಳಿಸಿದೆ. ಅಪ್ಪ ಬರಬೇಕಂತ ಇಷ್ಟು ಆಸೆ ಇದ್ದಾಕಿ ಗೆಲ್ಲಾಕ ಏನರೆ ಕಿತಾಪತಿ ಮಾಡೇ ಮಾಡ್ತಾಳ ಅಂತ ಆಗಲೇ ಮನಸಿನಾಗ ಗುರ್ತ ಹಾಕಿಟ್ಟೆ.

ಮೂರು ವಾರದ ಮ್ಯಾಲ ಒಂದು ಶುಕ್ರವಾರ ಎಲ್ಲಾ ಗುಂಪು ವರ್ಗದ ಮುಂದ ನಿಂತ್ವು. ಟಂಡ್ರಾ ಗುಂಪಿನ ಹುಡುಗ ಹುಟ್ಟಿದಾಗಿಂದ ಸ್ವೆಟರ್ ಹಾಕಿದಾವಲ್ಲ, ಆದ್ರ ಅರ್ಧ ವರ್ಷದ ಕತ್ತಲಿ, ಹೆಪ್ಪುಗಟ್ಟಿದ ನೆಲ, ಹಿಮಸಾರಂಗ ಅಂತ ಎಲ್ಲೂ ತಡವರಿಸದ ಹೇಳಿದ. ಅವರ ಫೈಲು ಕೈ ಬರಹದ್ದು, ನಡುವ ಅಲ್ಲಲ್ಲಿ ಕಾಟು ಹೊಡದು ತಿದ್ದಿದ್ದು. ಆ ಕಾಟು ನೋಡಿ ನನಗ ಸಮಾಧಾನ ಆತು. ತಿದ್ದ್ಯಾರಂದ್ರ ಸ್ವಂತ ಬರದಾರ, ಖೊಟ್ಟಿ ಇದ್ರ ಇಷ್ಟು ತಪ್ಪು ಎಲ್ಲಿಂದ ಬರ್ತಾವು? ಇದನ್ನ ವರ್ಗದ ಮುಂದನೂ ಹೇಳಿ ಶಾಬಾಸ್ ಅಂದೆ.

ಕಡೀಕ ಹುಲ್ಲುಗಾವಲು. ಆ ನಾಕು ಹುಡುಗ್ಯಾರು ಚಾರ್ಟ್ ಪೇಪರ್ ತಂದಿರಲಿಲ್ಲ. ಬಿಳಿ ಗೊಬ್ಬರದ ಚೀಲ ಬಿಚ್ಚಿ ತೊಳದು, ಅದಕ್ಕ ಒಣಗಿದ ಹುಲ್ಲು ಒಂದೊಂದ ಬಗಿ ಕರಿ ಉಣ್ಣಿ ದಾರದ್ಲೆ ಹೊಲದಿದ್ರು. ಹನ್ನೆರಡು ತರದ ಹುಲ್ಲು. ಒಂದೊಂದರ ಕೆಳಗ ಒಂದೊಂದು ಚೀಟಿ. ಚೀಟಿ ಮ್ಯಾಲಿನ ಬರಹ ಮರಾಠಿ. ನಾ ಕುರ್ಚಿ ಬಿಟ್ಟ ಎದ್ದೆ.

ಹುಡುಗಿ ಹೇಳಾಕ ಹತ್ತಿದ್ಲು. ಆ ಮಾತಿಲ್ಲದ ಹುಡುಗಿ! "ಇದು ಮಾರವೇಲ್ರಿ. ಕುರಿ ಮೊದಲ ಇದನ್ನ ಹುಡುಕ್ತಾವು. ಇದು ಕುಸಳಿ. ಎಳೀದಿದ್ದಾಗ ತಿಂತಾವು. ದೀವಳಿಗಿ ದಾಟಿತಂದ್ರ ಇದಕ್ಕ ಸೂಜಿ ಬರ್ತಾವು, ಉಣ್ಣ್ಯಾಗ ಹೊಕ್ಕು ತೊಗಲು ಚುಚ್ಚಿ ಒಳಗ ಹೋಗ್ತಾವು. ಕುರಿ ಸೊರಗತಾವ್ರಿ. ಕುಸಳಿ ಬಲಿಯೂದ್ರಾಗ ನಾವು ಆ ಗುಡ್ಡ ಬಿಟ್ಟ ಎದ್ದಿರಬೇಕು. ಆಫ್ರಿಕಾದ ಸವನ್ನಾದಾಗೂ ಹಿಂಗ ಪ್ರಾಣಿಗೋಳು ಹುಲ್ಲಿನ ಹಿಂದ ಹಿಂದ ಹೋಗ್ತಾವಂತ್ರಿ. ಅಲ್ಲಿ ಅವಕ್ಕ ಸಿಂಹದ ಅಂಜಿಕಿ, ಇಲ್ಲಿ ನಮಗ ತೋಳದ್ದು." ವರ್ಗದ ಹುಡುಗ್ರೆಲ್ಲಾ ಮುಂದ ಬಗ್ಗಿ ಕೇಳಾಕತ್ತಿದ್ರು. ನನಗ ಮಾತ್ರ ಮೈಯೆಲ್ಲಾ ಕಣ್ಣು. ಇಷ್ಟ ಚಂದ ಇಷ್ಟ ಜಲ್ದಿ ಯಾರೂ ಕಲಿಯಂಗಿಲ್ಲ, ಯಾರೋ ಹೇಳಿಕೊಟ್ಟಾರ ಅನಿಸಿತು.

"ಹುಲ್ಲುಗಾವಲಿನಾಗ ವರ್ಷಕ್ಕ ಮಳಿ ಎಷ್ಟಾಗ್ತೈತಿ? ಸೆಂಟಿಮೀಟರ್‌ನಾಗ ಹೇಳು" ಅಂದೆ.

"ಗೊತ್ತಿಲ್ರಿ."

"ಅದ ಗೊತ್ತಿಲ್ಲ. ಈ ಅಕ್ಷರ ಯಾರವು?"

ಸುಮ್ಮನ.

"ನಿನ್ನವೇನು?"

"ಅಲ್ರಿ."

"ಮತ್ತ ಯಾರವು? ಮೀರಜದ ಅಂಗಡಿಯವಂದೋ, ಸಾಂಗಲಿಯವಂದೋ?"

ಉಳಿದ ಮೂವರು ಒಬ್ರ ಮಾರಿ ಒಬ್ರು ನೋಡಿ ತಲಿ ತಗ್ಗಿಸಿದ್ರು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗ ಆತಿದು. ಮರಾಠಿ ಅಕ್ಷರ, ಗಡಿ ಆಚೆ ಅಂಗಡಿ, ಮತ್ತದ ಜ್ವಾಲಾಮುಖಿ ಕತಿ! ನಮ್ಮ ಕಡೆ ಮರಾಠಿ ಮಾತಾಡದಾವ್ರು ಯಾರದಾರ ಹೇಳ್ರಿ, ಸಂತ್ಯಾಗ ಅರ್ಧ ಮಾತು ಅದ. ಆದ್ರ ಕನ್ನಡ ಸಾಲಿ ಹುಡುಗಿ ಚಾರ್ಟಿನ ಮ್ಯಾಲ ಅದು ಕಂಡ ಕೂಡ್ಲೆ ನನಗ ಸಾಂಗಲಿ ಬಿಟ್ಟು ಬ್ಯಾರೇನೂ ಹೊಳೀಲಿಲ್ಲ. ಕೆಂಪ ಸ್ಕೆಚ್ ಪೆನ್ ತಗೊಂಡು ಆ ಚೀಲದ ಮ್ಯಾಲ, ಹುಲ್ಲಿನ ನಡುವ, ಅಡ್ಡಡ್ಡ ಬರದೆ: ಸ್ವಂತದ್ದಲ್ಲ.

ಹುಡುಗಿ ಅಳಲಿಲ್ಲ. "ಅಂದ್ರ ನಾವು ಅಥಣಿಗೆ ಹೋಗೂದಿಲ್ಲೇನ್ರಿ ಟೀಚರ್?" ಅಂತ ಅಷ್ಟ ಕೇಳಿದ್ಲು. ನಾ ಟಂಡ್ರಾದ ಹೆಸರು ಬರಕೊಂಡು ವರ್ಗ ಬಿಟ್ಟೆ.

ಮರುದಿನ ಶನಿವಾರ, ಅರ್ಧ ದಿನದ ಸಾಲಿ ಮುಗಿಸಿ ಅಥಣಿಗೆ ಹೋದೆ. ಟಂಡ್ರಾ ಫೈಲಿನ ಎರಡು ಪ್ರತಿ ಝೆರಾಕ್ಸ್ ಮಾಡಿಸಿ ಪ್ರದರ್ಶನದಾವ್ರಿಗೆ ಕೊಡಬೇಕಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಅಂಗಡ್ಯಾವ ಫೈಲು ತಗೊಂಡು ಮೊದಲ ಹಾಳಿ ತಿರುವಿದವನ ಮಾರಿ ಅರಳಿಸಿದ.

"ಮೇಡಂ, ಇದು ನಮ್ದ ಐತಲ್ರಿ!"

"ಏನ್ ನಿಮ್ದು?"

"ಟಂಡ್ರಾ ನಮ್ದ್ರಿ. ನಿಮ್ಮ ಸಾಲೀದು ಮರುಭೂಮಿ, ಟೈಗಾ, ಮಳಿಕಾಡು, ಎಲಿ ಉದುರೂ ಕಾಡು, ಅವೂ ನಮ್ವ. ಹುಲ್ಲುಗಾವಲದ್ದು ಕೇಳ್ಕೋತ ಯಾರೂ ಬರಲಿಲ್ರಿ, ಅದು ಹಂಗ ಉಳಕೊಂಡೈತಿ. ಈ ಸರ್ತಿ ಟೀಚರ್ ಪ್ರಿಂಟ್ ಒಲ್ಲೆ ಅಂದಾರಂತ ಹುಡುಗ್ರು ಹೇಳಿದ್ರು. ಅದಕ್ಕ ನಮ್ಮ ಮನ್ಯಾಗಿನಾಕಿ ಕೈಲೆ ಬರದಾಳ್ರಿ. ಹುಡುಗ್ರ ಬರದಂಗ ಕಾಣ್ಲಿ ಅಂತ ಅಲ್ಲೊಂದು ಇಲ್ಲೊಂದು ಕಾಟೂ ಹೊಡಿಸೇನಿ. ಹೆಂಗೈತ್ರಿ ಐಡಿಯಾ?"

ಹೆಂಗೈತಿ ಅಂದ್ರ ಏನ್ ಹೇಳ್ಲಿ? ಶಾಬಾಸ್ ಅಂತ ನಿನ್ನೆನ ಹೇಳಿ ಬಂದಿದ್ದೆ. ಝೆರಾಕ್ಸ್ ಬ್ಯಾಡ ಅಂತ ಫೈಲು ಕಸಗೊಂಡು ಹೊರಬಿದ್ದೆ. ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ ಅಂತ ಇಡೀ ಊರಿಗೆ ಹೇಳ್ಕೋತ ತಿರಗಾಕಿ ನಾನ, ಸುಣ್ಣದ ನೀರು ಗಟಗಟ ಕುಡದಿದ್ದೆ.

ಅಷ್ಟಾದ್ರೂ ನನ್ನ ಸಂಶಯ ಹುಡುಗೀನ ಬಿಡಲಿಲ್ಲ ನೋಡ್ರಿ. ಈ ಅಂಗಡಿದಲ್ಲ ಅಂದ್ರ ಮತ್ತೊಂದು ಅಂಗಡಿದು ಅಂತ ಲೆಕ್ಕಾ ಹಾಕ್ಕೋತ ಬಸ್ ಹತ್ತಿದೆ. ಕಾಗವಾಡದಿಂದ ಅಥಣಿ ಮ್ಯಾಲ ನಮ್ಮೂರಿಗೆ ಬರೂ ಬಸ್ಸದು. ದಿನಾ ಅದ ಕಂಡಕ್ಟರ್. ನಮ್ಮ ಕಡೆ ಊಟದ ಡಬ್ಬಿ, ಔಷಧ, ಮದುವಿ ಪತ್ರಿಕಾ, ಏನ್ ಕಳಸೂದಿದ್ರೂ ಕಂಡಕ್ಟರ್ ಕೈಯಾಗ ಕೊಟ್ರ ಊರು ಮುಟ್ತೈತಿ. ಅಂವಾ ನನಗ ಟಿಕೇಟ್ ಹರದ ಕೊಟ್ಟವನ, ಸೀಟಿನ ಬುಡಕಿಂದ ಒಂದು ಕಟ್ಟು ತಗದ.

"ಟೀಚರ್, ನಿಮ್ಮ ಸಾಲಿ ಹುಡುಗಿದು ಇದು. ನೀವ ಒಯ್ದ ಕೊಡ್ರೆಲಾ. ಅವರಪ್ಪ ಕಾಗವಾಡದಾಗ ಕೊಟ್ಟಾನ. ಮೂರು ವಾರ ಆತು, ವಾರಕ್ಕ ನಾಕು ಸರ್ತಿ ಹುಲ್ಲು ಕಳಸಾಕತ್ತಾನ್ರಿ. ಮಂದಿ ಮಕ್ಕಳಿಗೆ ಬುಂದಿ ಉಂಡಿ ಕಳಸ್ತಾರ, ಇವನ ನೋಡ್ರಿ!"

ಮರಾಠಿ ಪೇಪರಿನಾಗ ಸುತ್ತಿದ ಒಂದು ಹಿಡಿ ಹುಲ್ಲು. ಮ್ಯಾಲ ದಾರಕ್ಕ ಸಿಗಿಸಿದ ಒಂದು ಚೀಟಿ. ಆ ಅಕ್ಷರ ನನಗ ಗುರ್ತ ಸಿಕ್ಕಿತು. ತೊಡೀ ಮ್ಯಾಲ ಇಟ್ಕೊಂಡು ಬರದಂಗ ಮ್ಯಾಲಕ ಕೆಳಗ ಹಾರಾಡೂ, ಒತ್ತಿ ಒತ್ತಿ ತಿದ್ದಿದ ಅವ ಅಕ್ಷರ. "ಅಂವಾ ಬರೀತಾನೇನು?" ಅಂದೆ.

"ಸಣ್ಣಾವಿದ್ದಾಗ ಕುರಿ ಮೀರಜ ಕಡೆ ಇದ್ದಾಗ ಮೂರನೇತ್ತಾ ತನಕ ಮರಾಠಿ ಸಾಲಿಗೆ ಹೋಗ್ಯಾನಂತ್ರಿ. ಕನ್ನಡ ಓದಾಕ ಬರೂದಿಲ್ಲ."

ಮತ್ತೊಬ್ಬರ ಚೀಟಿ ಓದಬಾರದು. ನಾ ಓದಿದೆ. ಕನ್ನಡದಾಗ ಹೇಳಬೇಕಂದ್ರ ಹಿಂಗಿತ್ತು: ಈ ಹುಲ್ಲು ಹೊಳೀ ದಂಡ್ಯಾಗ ಸಿಕ್ತು. ನೋಡಾಕ ಹಸರ ಐತಿ, ಆದ್ರ ಕುರಿ ಮುಟ್ಟೂದಿಲ್ಲ. ಯಾಕಂತ ನನಗ ಗೊತ್ತಿಲ್ಲ. ನಿಮ್ಮ ಸಾಲಿ ಬಾಯಾರನ್ನ ಕೇಳು, ಅವರಿಗೆ ಗೊತ್ತಿರ್ತೈತಿ.

ಅಯ್ಯ ಶಿವನ, ಅವತ್ತು ಆ ಬಸ್ಸಿನಾಗ ನನಗಾದ ನಾಚಿಕಿ ಜ್ವಾಲಾಮುಖಿ ದಿನಾನೂ ಆಗಿರಲಿಲ್ಲ. ಅವತ್ತ ಮಂದಿ ನಕ್ಕಿದ್ರು, ಇವತ್ತ ಯಾರೂ ನೋಡಿರಲಿಲ್ಲ, ಆದ್ರೂ ಮಾರಿ ಎತ್ತಾಕ ಆಗಲಿಲ್ಲ. ಹುಡುಗಿ ಯಾಕ ಬಾಯಿ ಬಿಡಲಿಲ್ಲ ಅನ್ನೂದು ಆಗ ತಿಳೀತು. ಅಪ್ಪ ಬರದಾನ ಅಂದಿದ್ರ ನನ್ನ ಕಾಯಿದೆ ಪ್ರಕಾರ ಇಡೀ ಗುಂಪಿಗೆ ಸೊನ್ನಿ. ನನ್ನವ ಅಂದ್ರ ಸುಳ್ಳು. ಎರಡೂ ಒಲ್ಲದ ಸುಮ್ಮನ ನಿಂತಿದ್ಲು. ಹುಲ್ಲಿನ ಹೆಸರು ಗೊತ್ತಿದ್ದಾವ್ರನ್ನ ಕೇಳಿ ತಿಳಕೊಳ್ಳೂದ ಸಂಶೋಧನೆ ಅಂತ ಬೋರ್ಡಿನ ಮ್ಯಾಲ ಬರದು ಕಲಿಸಾಕಿ ನಾ, ಆಕಿ ಅದನ್ನ ಮಾಡಿದ್ರ ಕಳ್ಳತನ ಅಂದೆ.

ಸೋಮವಾರ ಹೆಡ್‌ಮಾಸ್ತರ್ರ ಮುಂದ ಟಂಡ್ರಾ ಫೈಲಿಟ್ಟು ಎಲ್ಲಾ ಹೇಳಿದೆ. "ಮೇಡಂ, ನಿಮ್ಮನ್ನೂ ಯಾಮಾರಿಸಿದಾವ್ರು ಅದಾರಂದ್ರ ಸಾಲಿ ಪ್ರಗತಿ ಆಗೇತಿ ಬಿಡ್ರಿ" ಅಂತ ಅವ್ರು ನಕ್ಕು, ಹೆಸರು ಬದಲಿ ಮಾಡಿದ್ರು. ಹುಡುಗೀನ ಸ್ಟಾಫ್ ರೂಮಿಗೆ ಕರಸಿದೆ. ಹುಲ್ಲಿನ ಕಟ್ಟು ಕೈಯಾಗ ಕೊಟ್ಟೆ. ಚೀಟಿ ನೋಡಿ ಆಕಿ ಬಿಳಚಿಕೊಂಡ್ಲು, ಸಿಕ್ಕಿಬಿದ್ದವರಂಗ ನನ್ನ ನೋಡಿದ್ಲು.

ಆಗ ಹೇಳಬೇಕಿತ್ತು. ನಿಮ್ಮಪ್ಪನ ಅಕ್ಷರ ಅಂತ ತಿಳೀತವ್ವಾ, ನಂದ ತಪ್ಪಾತು, ಆ ಚೀಟಿ ಹಂಗ ಇರ್ಲಿ ಅಂತ. ಇಷ್ಟ ಮಾತು. ಬಾಜೂಕ ಬ್ಯಾರೆ ಟೀಚರ್ ಇಬ್ರು ಚಹಾ ಕುಡಿಯಾಕತ್ತಿದ್ರು. ಒಂಬತ್ತನೇತ್ತಾ ಹುಡುಗಿ ಮುಂದ ಪೊಲೀಸ್ ಟೀಚರ್ ತಪ್ಪಾತು ಅನ್ನೂದ? "ಅಥಣಿಗೆ ನೀವ ಹೋಗೂದು. ಆ ಚಾರ್ಟ್ ಸ್ವಚ್ಛ ಮಾಡ್ಕೊಂಡು ಬಾ" ಅಂದೆ. ನಾ ಹೇಳಿದ್ದು ಕೆಂಪ ಅಕ್ಷರದ ಸಲುವಾಗಿ. ಆಕಿ "ಹೂನ್ರಿ ಟೀಚರ್" ಅಂದು, ಕುಣೀತಾ ಹೋದ್ಲು.

ಗುರುವಾರ ಅಥಣಿಯ ಹಾಲಿನಾಗ ಹುಡುಗ್ಯಾರು ಚಾರ್ಟ್ ಬಿಚ್ಚಿ ತೂಗಹಾಕಿದಾಗ ನೋಡಿದೆ. ಹೊಸಾ ಚೀಲ. ಹುಲ್ಲೆಲ್ಲಾ ಮತ್ತ ಹೊಲದಿದ್ಲು. ಮರಾಠಿ ಚೀಟಿ ಒಂದೂ ಇದ್ದಿಲ್ಲ. ಎಲ್ಲಾ ಕನ್ನಡದಾಗ, ಆಕೀ ದುಂಡನ್ನ ಕೈ ಬರಹ. ನನಗ ಚುರುಕ್ ಅಂತು. ಆದ್ರ ಖರೆ ಹೇಳ್ತೇನಿ, ಅದರ ಜೋಡಿನ ಸ್ವಲ್ಪ ಹಗರೂ ಆತು. ಈಗ ಯಾವ ನಿರ್ಣಾಯಕರೂ ಈ ಅಕ್ಷರ ಯಾರವು ಅಂತ ಕೇಳಂಗಿಲ್ಲ, ಯಾರೂ ನಗಂಗಿಲ್ಲ. ಅದಕ್ಕ ಸುಮ್ಮನಾದೆ.

ಅಪ್ಪ ಬಂದಿದ್ದ. ಬಿಳಿ ಧೋತ್ರ, ರುಮಾಲು, ಹೆಗಲ ಮ್ಯಾಲ ಕಂಬಳಿ. ಒಳಗ ಬರಾಕ ಸಂಕೋಚ ಮಾಡಿ ಬಾಗಿಲದಾಗ ನಿಂತಿದ್ದ. ನಾನ ಹೋಗಿ ಕರಕೊಂಡು ಬಂದು ಕುಂಡ್ರಿಸಿದೆ. ಹುಡುಗಿ ಅಪ್ಪನ ಕಡೆ ಒಮ್ಮೆ ನೋಡಿ ಮಾತು ಚಾಲೂ ಮಾಡಿದ್ಲು. ಈ ಸರ್ತಿ ಮಳಿ ಲೆಕ್ಕಾನೂ ಸೆಂಟಿಮೀಟರ್‌ನಾಗ ಹೇಳಿದ್ಲು. ಕುಸಳಿ ಸೂಜಿ ಬಗ್ಗೆ ಹೇಳಿದಾಗ ನಿರ್ಣಾಯಕರು ಎದ್ದು ಬಂದು ಹುಲ್ಲು ಮುಟ್ಟಿ ನೋಡಿದ್ರು. ಎರಡನೇ ನಂಬರ್ ಬಂತು. ಅಪ್ಪ ಮಗಳ ತಲಿ ಸವರಿ, "ಭೇಷ್ ಮಾತಾಡಿದಿ ಬೇ" ಅಂದ. ಆಕಿ ಗೆಳತ್ಯಾರ ಜೋಡಿ ಉಪ್ಪಿಟ್ಟು ತಿನ್ನಾಕ ಓಡಿದ್ಲು.

ಅಂವಾ ಚಾರ್ಟಿನ ಮುಂದ ಹೋಗಿ ನಿಂತ. ಒಂದೊಂದ ಹುಲ್ಲಿನ ಕೆಳಗೂ ಬೊಟ್ಟಿಟ್ಟು ನೋಡ್ಕೋತ ಕಡೀ ತನಕ ಹೋದ. ಮತ್ತ ಮೊದಲಿಂದ ನೋಡಿದ. ಆಮ್ಯಾಲ ನನ್ನ ಕಡೆ ತಿರಗಿ, "ಬಾಯಾರ, ಒಂದ ಮಾತು ಕೇಳಲ್ರಿ?" ಅಂದ.

"ಕೇಳ್ರಿ."

"ನಾ ಬರದ ಕಳಿಸಿದ್ದ ಚೀಟಿ ಇದರಾಗ ಒಂದೂ ಇಲ್ಲಲ್ರಿ. ನನ್ನ ಅಕ್ಷರ ಅಷ್ಟ ಕೆಟ್ಟಿದ್ವೇನ್ರಿ?"

ಅಂವಾ ಉತ್ತರಕ್ಕ ಕಾಯಲಿಲ್ಲ. "ಹೋಗ್ಲಿ ಬಿಡ್ರಿ. ದೊಡ್ಡಾಕಿ ಆಗ್ಯಾಳ. ಇಷ್ಟ ಮಂದ್ಯಾಗ ಕುರಿ ಕಾಯವನ ಅಕ್ಷರ ಅಂತ ನಾಚಿಕಿ ಬಂದಿರಬೇಕು."

"ಇಲ್ರಿ! ಹಂಗಲ್ರಿ!" ಅಂದೆ. ಆಮ್ಯಾಲ ಎಲ್ಲಾ ಹೇಳಿದೆ. ನನ್ನ ಕಾಯಿದೆ, ಸಾಂಗಲಿ ಸ್ಟಿಕರ್, ಕೆಂಪ ಪೆನ್ನು, ನಾ ಬರದ ಮಾತು, ಬಸ್ಸಿನಾಗ ಅವನ ಚೀಟಿ ಓದಿದ್ದು ಸುದ್ದಾ. ಒಂದೂ ಮುಚ್ಚಿಡಲಿಲ್ಲ. "ನಿಮ್ಮ ಹುಡುಗಿ ನಿಮ್ಮ ಅಕ್ಷರ ತಗದಿಲ್ರಿ, ನಾ ತಗಸಿದ್ದು. ತಪ್ಪ ನಂದ್ರಿ" ಅಂದೆ. ಅಂವಾ ಕೈ ಕಟ್ಕೊಂಡು, ತಲಿ ಅಲ್ಲಾಡಿಸ್ಕೋತ ಕೇಳಿದ. ಕೇಳಿ ನಕ್ಕ.

"ನೀವು ಭಾಳ ಚಲೋ ಮನಸಿನಾವ್ರು ಬಾಯಾರ. ಹುಡುಗಿ ಮಾನ ಉಳಸಾಕ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ."

"ನಮ್ಮವ್ವನ ಆಣಿರಿ, ಖರೆ ಹೇಳಾಕತ್ತೀನಿ."

"ಇರ್ಲಿ ಬಿಡ್ರಿ, ಆಣಿ ಯಾಕ" ಅಂದ. ಕಂಬಳಿ ಹೆಗಲಿಗೆ ಸರಿ ಮಾಡ್ಕೊಂಡು, ಕಾಗವಾಡದ ಬಸ್ಸಿಗೆ ಹೊತ್ತಾತು ಅಂತ ಬಾಗಿಲ ತನಕ ಹೋದಾಂವ ಮತ್ತ ಹೊಳ್ಳಿ ಬಂದ. ಮಗಳು ಕುಂತ ಕಡೆ ಒಮ್ಮೆ ನೋಡಿ, ದನಿ ಸಣ್ಣ ಮಾಡಿ, "ನಾ ಹಿಂಗ ಕೇಳಿದೆ ಅಂತ ಆಕಿಗೆ ಮಾತ್ರ ಹೇಳಬ್ಯಾಡ್ರಿ" ಅಂದ.